ಕರಡಿಯ ಲದ್ದಿಯಲ್ಲಿ ಬೀಜ ಆಯುತ್ತಿದ್ದ ದೊಡ್ಡಮ್ಮ

ಹೋದ ವಾರ ತುಮಕೂರಿನ ಅಂತರಸನಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಕಕ್ಕೆ ಮರದಿಂದ ಬಿದ್ದಿದ್ದ ಉದ್ದನೆಯ ಕಪ್ಪು ಕಾಯೊಂದರ ಮೇಲೆ ಆಟೋ ಹತ್ತಿ ಹೋಯಿತು. ಕಾಯಿ ಒಡೆದು ಒಳಗಿನ ಅಂಟು ತಿರುಳು ಟಾರಿಗೆ ಮೆತ್ತಿಕೊಂಡಿತು. ಹಳೇ ಬೆಲ್ಲ ಹುಳಿತಂಥ ವಾಸನೆ... ಪಕ್ಕದಲ್ಲಿ ನಿಂತವರು ಫೋನ್ ನೋಡುತ್ತಲೇ ಇದ್ದರು. ನನಗೆ ಮಾತ್ರ ಬೆನ್ನು ತಣ್ಣಗಾಯಿತು. ಆ ವಾಸನೆ ನನಗೆ ಮೊದಲು ಗೊತ್ತಾದದ್ದು ಕರಡಿಯ ಲದ್ದಿಯಲ್ಲಿ. ಅದನ್ನು ತೋರಿಸಿದವಳು ನನ್ನ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಗುಬ್ಬಿಯಿಂದಾಚೆ, ಬಂಡೆಗಳೇ ತುಂಬಿದ ಗುಡ್ಡವೊಂದರ ಬುಡದ ಊರಿನಲ್ಲಿ ಇದ್ದಳು. ಗುಡ್ಡದ ಮೇಲೆ ನೆಡಲು ಸಸಿ ಬೆಳೆಸುವ ಅಲ್ಲಿನ ನರ್ಸರಿಯಲ್ಲಿ ಅವಳಿಗೆ ಕೆಲಸ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಒಂದು ಬೇಸಿಗೆ ಪೂರ್ತಿ ಅವಳ ಮನೆಯಲ್ಲಿದ್ದೆ. ಅವಳು ಯಾವಾಗಲೂ ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡಿರುತ್ತಿದ್ದಳು. ಆ ಕಡೆ ಕಿವಿ ಇರಲಿಲ್ಲ. ನಾನು ಹುಟ್ಟುವ ಮೊದಲೇ, ಗುಡ್ಡದಲ್ಲಿ ಎಲಚಿ ಹಣ್ಣು ಆಯಲು ಹೋದಾಗ, ಕರಡಿ ಅದನ್ನು ಕಿತ್ತು ಹಾಕಿತ್ತು.

ಅಂಥವಳು ವಾರಕ್ಕೆರಡು ದಿನ ಬೆಳಗ್ಗೆ ಗೋಣಿಚೀಲ ಹಿಡಿದು ಅದೇ ಗುಡ್ಡ ಹತ್ತುತ್ತಿದ್ದಳು. ನರ್ಸರಿಯಲ್ಲಿ ಕಕ್ಕೆ ಬೀಜವನ್ನು ಕಾಯಿಯಿಂದ ಬಿಡಿಸಿ ಹಾಕಿದರೆ ಮೊಳಕೆ ಬರುತ್ತಿದ್ದದ್ದೇ ಅಪರೂಪ. ಸಿಪ್ಪೆ ಕಲ್ಲಿನಂತೆ ಗಟ್ಟಿ. ಒಣಗಿದ ಕರಡಿ ಲದ್ದಿಯ ಗುಪ್ಪೆಯೊಂದರಲ್ಲಿ ಕಕ್ಕೆ ಸಸಿಗಳು ಒತ್ತೊತ್ತಾಗಿ ಎದ್ದಿದ್ದನ್ನು ಮೊದಲು ಕಂಡವಳು ದೊಡ್ಡಮ್ಮನೇ. ಕರಡಿಯ ಹೊಟ್ಟೆಯಲ್ಲಿ ಹಾದು ಬಂದ ಬೀಜದ ಸಿಪ್ಪೆ ಮೆತ್ತಗಾಗಿರುತ್ತಿತ್ತು. ಅಂದಿನಿಂದ ಅವಳು ಲದ್ದಿ ಹುಡುಕಿ ತಂದು, ತೊಟ್ಟಿಯ ನೀರಿನಲ್ಲಿ ತೊಳೆದು, ಜರಡಿಯಲ್ಲಿ ಬೀಜ ಬೇರ್ಪಡಿಸಿ ಪ್ಯಾಕೆಟ್ಟಿಗೆ ಹಾಕುತ್ತಿದ್ದಳು. ಕಕ್ಕೆ, ಎಲಚಿ, ಮಳೆ ಶುರುವಾದರೆ ನೇರಳೆ...

ಮೊದಲ ದಿನವೇ ಕೇಳಿಬಿಟ್ಟೆ, "ನಿಂಗೆ ಭಯ ಆಗಲ್ವಾ ದೊಡ್ಡಮ್ಮ?"

"ಭಯಕ್ಕೇ ಕಣೇ ಹೋಗೋದು," ಅಂದಳು. "ಮ್ಯಾಲೆ ಹಣ್ಣಿದ್ರೆ ಅದ್ಯಾಕೆ ಊರೊಳಕ್ಕೆ ಬತ್ತದೆ? ಹಣ್ಣು ಸಿಗ್ದೆ ಹೋದ್ರೆ ತಾನೆ ನಮ್ಮ ಹಿತ್ಲಿಗೆ ಬರೋದು. ಅದೇ ತಿಂದು ಅದೇ ಬಿತ್ತುತ್ತಾ ಐತೆ. ನಾನು ವಸಿ ಕೈ ಜೋಡುಸ್ತೀನಿ, ಅಷ್ಟೇಯ."

ಗುಡ್ಡಕ್ಕೆ ಹೋಗುವ ದಿನ ಅವಳು ತಿಂಡಿ ತಿನ್ನುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಏನೂ ಆಗದವಳಂತೆ ಚೀಲ ಎತ್ತಿಕೊಳ್ಳುತ್ತಿದ್ದಳು. ಪಿತ್ತ ಅಂದುಕೊಂಡಿದ್ದೆ.

ಅವಳ ಜೊತೆ ನಾಲ್ಕೈದು ಸಲ ಹೋಗಿರಬೇಕು. ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡುತ್ತಿದ್ದಳು. ಸಾರಿಗೆ ಹುಳಿ ಜಾಸ್ತಿಯಾಯ್ತು, ಕುಣಿಗಲ್ಲಿನ ಬೀಗರು ಫೋನೇ ಮಾಡಲಿಲ್ಲ, ಹೀಗೆ ಬಾಯಿಗೆ ಬಂದದ್ದು. ಮನುಷ್ಯರ ದನಿ ದೂರದಿಂದಲೇ ಕೇಳಿದರೆ ಕರಡಿ ತಾನಾಗಿ ಸರಿದು ಹೋಗುತ್ತದೆ ಅಂತ. ಕೊನೆಯ ಸಲ ಹೋದ ದಿನ ನನಗೆ ಇಂಟರ್‌ವ್ಯೂನಲ್ಲಿ ಆಗಲಿಲ್ಲ ಅಂತ ಮೆಸೇಜ್ ಬಂದಿತ್ತು. ರೇಗಿಬಿಟ್ಟೆ. "ಸ್ವಲ್ಪ ಸುಮ್ನಿರು ದೊಡ್ಡಮ್ಮ, ತಲೆ ಸಿಡೀತಿದೆ."

ಅವಳು ನನ್ನ ಮುಖ ನೋಡಿದಳು. ಸುಮ್ಮನಾದಳು.

ಎರಡು ಬಂಡೆಗಳ ನಡುವಿನ ಸಂದು ದಾಟುತ್ತಿದ್ದೆವು. ಆಚೆಯಿಂದ ಬುಸ್ ಬುಸ್ ಅಂತ ಗಾಳಿ ಎಳೆದು ಬಿಡುವ ಸದ್ದು ಬಂತು. ಪಂಪ್‌ಸೆಟ್ಟೇನಾದರೂ ಇದೆಯಾ ಅಂದುಕೊಂಡು ತಿರುಗಿದರೆ, ಹುತ್ತಕ್ಕೆ ಮೂತಿ ಹಾಕಿ ಗೆದ್ದಲು ಹೀರುತ್ತ ನಿಂತಿತ್ತು ಕರಡಿ. ನಮ್ಮ ಮನೆಯ ಪಡಸಾಲೆಯಷ್ಟು ದೂರ, ಅಷ್ಟೇ. ಪಕ್ಕದಲ್ಲಿ ಒಂದು ಮರಿ.

ಓಡಲು ತಿರುಗಿದೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು. ಎಷ್ಟು ಬಿಗಿಯಾಗಿ ಅಂದರೆ ಅವಳ ಉಗುರು ಚರ್ಮ ಕೊರೆದು ರಕ್ತ ಬಂತು. ನನ್ನನ್ನು ಹಿಂದಕ್ಕೆ ಎಳೆದು ತಾನು ಮುಂದೆ ನಿಂತಳು. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಗುರುತು, ಉದ್ದುದ್ದ ಉಗುರು, ತೇವವಾದ ಮೂತಿ, ಎಲ್ಲವೂ ಕಂಡಿತು. ದೊಡ್ಡಮ್ಮ ಬಾಯಿ ತೆರೆದಳು. ದನಿಯೇ ಬರಲಿಲ್ಲ. ಮತ್ತೆ ತೆರೆದಳು. ಆಗಲೂ ಬರಲಿಲ್ಲ. ಬೆನ್ನು ಮಾತ್ರ ಜ್ವರ ಬಂದವರ ಹಾಗೆ ಅದುರುತ್ತಿತ್ತು.

ಕರಡಿ ಒಂದೇ ಉಸಿರಿಗೆ ನಾಲ್ಕು ಹೆಜ್ಜೆ ನುಗ್ಗಿ ಬಂತು. ನಾನು ಕಣ್ಣು ಮುಚ್ಚಿದೆ.

"ನಾವೇ ಕಣವ್ವ..." ಹರಿದ ಬಟ್ಟೆಯಂಥ ದನಿ ಕೇಳಿತು. "ನಾವೇ... ನಿನ್ ಮಗೀನ ತಂಟೆಗೆ ಬರಲ್ಲ. ಹೋಯ್ತೀವಿ. ಹೋಯ್ತಾ ಇದೀವಿ ಕಣವ್ವ..." ಹೇಳುತ್ತ ಹೇಳುತ್ತ ನನ್ನನ್ನು ಬೆನ್ನಿನಿಂದಲೇ ಹಿಂದಕ್ಕೆ ತಳ್ಳುತ್ತಿದ್ದಳು. ಕಣ್ಣು ಬಿಟ್ಟಾಗ ಕರಡಿ ಅರ್ಧಕ್ಕೇ ನಿಂತಿತ್ತು. ಮರಿ ಕೂದಲು ಹಿಡಿದು ಅದರ ಬೆನ್ನೇರಿತು. ಕರಡಿ ಒಮ್ಮೆ ಬುಸುಗುಟ್ಟಿ, ತಿರುಗಿ, ಲಂಟಾನ ಪೊದೆಯೊಳಗೆ ನುಗ್ಗಿ ಹೋಯಿತು.

ಕೆಳಗೆ ಇಳಿದದ್ದು ಹೇಗೋ ನೆನಪಿಲ್ಲ. ನರ್ಸರಿಯ ನಲ್ಲಿ ಹತ್ತಿರ ಅವಳು ಕುಸಿದು ಕೂತಳು. ಸೀರೆ ಒದ್ದೆಯಾಗಿತ್ತು. ಮೇಲಿನಿಂದ ನೀರು ಸುರಿದುಕೊಂಡಳು, ಯಾರಿಗೂ ಗೊತ್ತಾಗಬಾರದು ಅಂತ.

"ಯಾರ್ಗೂ ಹೇಳ್ಬೇಡ ಕಣೇ," ಅಂದಳು. "ಪ್ರತಿ ಸಲಾನೂ ಹಿಂಗೇ ಹೆದ್ರುಕೊಂಡು ಹೋಗ್ತೀನಿ ಅಂದ್ರೆ ಈ ಕೆಲ್ಸ ಬಿಡಿಸ್ಬುಡ್ತಾರೆ."

ಬೆಳಗಿನ ಆ ವಾಂತಿ ಪಿತ್ತದ್ದಲ್ಲ ಅಂತ ಆಗ ಗೊತ್ತಾಯಿತು. ಸುಮ್ಮನಿರು ಅಂದದ್ದು ನಾನೇ ಅನ್ನುವ ಮಾತನ್ನು ಅವಳು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಮಾರನೆಯ ದಿನವೇ ನಾನು ತುಮಕೂರಿನ ಬಸ್ ಹತ್ತಿದೆ. ಅವಳು ಆ ವಾರವೇ ಮತ್ತೆ ಗುಡ್ಡಕ್ಕೆ ಹೋದಳಂತೆ.

ಆಮೇಲೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ತುಮಕೂರಿನ ಸದಾಶಿವನಗರದಲ್ಲೇ ಮನೆ ಮಾಡಿದೆ. ದೊಡ್ಡಮ್ಮ ಪ್ರತಿ ಮಳೆಗಾಲ ಫೋನ್ ಮಾಡುತ್ತಿದ್ದಳು, "ಸಸಿ ಮ್ಯಾಲೆ ನೆಡ್ತಾವ್ರೆ, ಬಂದು ನೋಡೇ." ಶಿಫ್ಟ್ ಇದೆ, ರಜೆ ಇಲ್ಲ... ಏನೋ ಒಂದು ಹೇಳುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ. "ಆಯ್ತು ಬುಡು" ಅನ್ನುತ್ತಿದ್ದಳು. ಹೋದ ವರ್ಷ ಜಾಂಡೀಸ್ ಆಗಿ ಹತ್ತೇ ದಿನದಲ್ಲಿ ಹೋಗಿಬಿಟ್ಟಳು.

ಆ ಕಾಯಿ ಒಡೆದದ್ದು ಕಂಡ ಮೇಲೆ ಮನಸ್ಸು ತಡೆಯದೆ ಈ ಭಾನುವಾರ ಊರಿಗೆ ಹೋದೆ. ಅವಳ ಜಾಗಕ್ಕೆ ಬಂದಿರುವ ಹೆಣ್ಣುಮಗಳು ತೊಟ್ಟಿಯ ಹತ್ತಿರ ಜರಡಿ ತೊಳೆಯುತ್ತಿದ್ದಳು. ಗುಡ್ಡದ ಇಳಿಜಾರು ಅಲ್ಲಲ್ಲಿ ಹಸಿರಾಗಿತ್ತು. ಯಾವುದು ದೊಡ್ಡಮ್ಮ ಬೆಳೆಸಿದ ಸಸಿ, ಯಾವುದು ಕರಡಿಯೇ ಬಿತ್ತಿದ್ದು, ಹೇಳುವವರು ಯಾರೂ ಇಲ್ಲ.

"ನೀವು ಅವ್ರ ಜೊತೆ ಹೋಗ್ತಿದ್ರಂತಲ್ಲಕ್ಕಾ," ಅಂದಳು ಆಕೆ. "ಲದ್ದಿ ಯಾವ್ ಕಡೆ ಹುಡುಕ್ಬೇಕು ಅಂತ ವಸಿ ಬಂದು ತೋರುಸ್ತೀರಾ? ಇನ್ನೂ ನಾನು ಹತ್ತೇ ಇಲ್ಲ."

ಗುಡ್ಡದ ಕಡೆ ನೋಡಿದೆ. ನಿಂತಲ್ಲೇ ಕೈ ಮಾಡಿ ದಾರಿ ಹೇಳಿದೆ. ಆ ಸಂದು ಎಲ್ಲಿದೆ, ಹುತ್ತ ಎಲ್ಲಿದೆ, ಮಾತು ನಿಲ್ಲಿಸಬಾರದು, ಎದುರಾದರೆ ಓಡಬಾರದು... ಕೇಳುತ್ತ ಕೇಳುತ್ತ ಅವಳ ಮುಖ ಬಿಳುಚಿಕೊಂಡಿತು.

"ಒಬ್ಬಳೇ ಹೋಗ್ಬೇಡ," ಅಂದೆ.

"ಇನ್ಯಾರು ಬತ್ತಾರಕ್ಕಾ?"

ನನ್ನ ಬಸ್ಸಿನ ಹೊತ್ತಾಗಿತ್ತು. ಹೊರಟುಬಂದೆ.