ಶೇಖಸಾಬನ ಮಗಳು ಮತ್ತು ಕಾಟಾದ ದೀಪ

ಆಪ್ಟೋ ಎಂಬ ಕಪ್ಪು ಹುಳದಂಥ ವಸ್ತುವಿನೊಳಗೆ ಒಂದು ದೀಪವಿದೆ, ಅದರೆದುರಿಗೆ ಒಂದು ಕಣ್ಣಿದೆ, ಈಚೆ ದೀಪ ಹತ್ತಿದರೆ ಆಚೆ ಕಣ್ಣು ಕಂಡು ಕರೆಂಟು ಬಿಡುತ್ತದೆ ಎಂದು ಮೊಬೈಲಿನ ವಿಡಿಯೋ ಒಂದರಲ್ಲಿ ಕೇಳಿದ ಚನ್ನೇಶ, ಆ ದೀಪವನ್ನು ತಾನೂ ನೋಡಬೇಕೆಂದು ಮಟಮಟ ಮಧ್ಯಾಹ್ನ ಕಂಬಳಿ ಮುಸುಕು ಹಾಕಿಕೊಂಡು ಕುಳಿತಿದ್ದ. ಅವ್ವ ಸರೋಜವ್ವ ಬಂದು, "ಯಾಕೋ, ಜ್ವರ ಬಂದಾವೇನ?" ಎಂದು ಹಣೆ ಮುಟ್ಟಿ ನೋಡಿದಳು. ದೀಪ ಕಾಣಲಿಲ್ಲ. ಮಾಲು ಡುಪ್ಲಿಕೇಟ್ ಎಂದು ತೀರ್ಮಾನಿಸಿ ಗಡ್ಡದ ಬ್ಲೇಡಿನಿಂದ ಅದರ ಬೆನ್ನು ಕೆರೆದು ನೋಡಿದ. ಹೀಗೆ ಮೂರು ಆಪ್ಟೋಗಳು ಪ್ರಾಣ ಬಿಟ್ಟವು. ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣುವಂಥದ್ದಲ್ಲ ಎಂಬುದು ವಿಡಿಯೋದ ಉಳಿದರ್ಧದಲ್ಲಿತ್ತು. ಚನ್ನೇಶ ಯಾವ ವಿಡಿಯೋವನ್ನೂ ಕೊನೆತನಕ ನೋಡಿದವನಲ್ಲ.

ಶಿಗ್ಗಾಂವದ ಬಸವಣ್ಣೆಪ್ಪ ಸಾವಕಾರರ ಕಾಳಿನ ವಖಾರದಲ್ಲಿ ಅವನ ಕೆಲಸ ಕಾಟಾದ ಚೀಟಿ ಬರೆಯುವುದು. ಟ್ರ್ಯಾಕ್ಟರು ತೂಕದ ಕಟ್ಟೆ ಹತ್ತುತ್ತದೆ, ಕಂಪ್ಯೂಟರಿನಲ್ಲಿ ಅಂಕಿ ಬರುತ್ತದೆ, ಚನ್ನೇಶ ಅದನ್ನು ಚೀಟಿಗೆ ಇಳಿಸುತ್ತಾನೆ. ಇಷ್ಟಕ್ಕೆ ಬಿ.ಎಸ್ಸಿ. ಓದಿದೆನೇ ಎಂದು ಅವನಿಗೆ ದಿನಕ್ಕೊಮ್ಮೆ ಅನ್ನಿಸುತ್ತಿತ್ತು, ಸಾಮಾನ್ಯವಾಗಿ ಊಟವಾದ ಮೇಲೆ.

ಗೋವಿನಜೋಳದ ಸುಗ್ಗಿಯಲ್ಲಿ ಕಟ್ಟೆ ಹತ್ತಲು ನಾ ಮುಂದೆ ತಾ ಮುಂದೆ ಎಂದು ಜಗಳ. ಅದಕ್ಕೇ ಚನ್ನೇಶ ಒಂದು ಉಪಾಯ ಮಾಡಿದ. ಹಳೆಯ ಟ್ರ್ಯಾಕ್ಟರಿನ ಎರಡು ಹಿಂದೀಪಗಳ ಡಬ್ಬಿಯಲ್ಲಿ ಎಲ್‌ಇಡಿ ಕೂಡಿಸಿ ಕಂಬಕ್ಕೆ ಕಟ್ಟುವುದು. ಕೆಂಪು ಹತ್ತಿದರೆ ನಿಲ್ಲು, ಹಸಿರು ಹತ್ತಿದರೆ ಬಾ. ಗುಂಡಿ ತನ್ನ ಮೇಜಿನ ಮೇಲೆ, ಅದಕ್ಕೆ ಕರೆಂಟು ಕಂಪ್ಯೂಟರಿನಿಂದ; ಕಂಪ್ಯೂಟರಿಗೂ ಅಂಗಳದ ದೀಪಕ್ಕೂ ನಡುವೆ ಆಪ್ಟೋ. ಸಾವಕಾರರು ಕೇಳಿ ತಲೆದೂಗಿದರು.

"ಇದು ನೆಟ್ಟಗ ನಡೀತಂದ್ರ, ಕಾಳು ಹಸನ ಮಾಡೋ ಹೊಸ ಮಶಿನಿನ ಕರೆಂಟ್ ಪ್ಯಾನಲ್ ನಿನ್ನ ಕೈಯಾಗ ಕೊಡ್ತೇನಿ. ಚೀಟಿ ಬರ್ಯಾಕ ಬ್ಯಾರೇದವ್ರನ್ನ ನೋಡ್ಕೋತೇನಿ."

ಚನ್ನೇಶ ಆ ದಿನವೇ ವಖಾರದ ತುಂಬ ಸುದ್ದಿ ಹಬ್ಬಿಸಿದ. ಸರ್ಕೀಟು ಕಟ್ಟುವುದಕ್ಕಿಂತ ಅದು ಸುಲಭವಾಗಿತ್ತು.

ದೀಪ ಹಚ್ಚಿದ ಮೊದಲ ದಿನವೇ ಕೆಂಪು ಪೂರ್ತಿ ಆರಲಿಲ್ಲ, ಹಸಿರು ಪೂರ್ತಿ ಹತ್ತಲಿಲ್ಲ. ಎರಡೂ ನಿದ್ದೆಗಣ್ಣಿನಂತೆ ಮಿಣುಕುತ್ತಿದ್ದವು. ಆ ಕಡೆಯಿಂದೊಂದು ಈ ಕಡೆಯಿಂದೊಂದು ಟ್ರ್ಯಾಕ್ಟರು ಕಟ್ಟೆ ಹತ್ತಿ ಮೂತಿಗೆ ಮೂತಿ ಹಚ್ಚಿ ನಿಂತವು.

"ಲೇ ಚನ್ನೇಶಾ," ಎಂದ ಡ್ರೈವರ್ ಗುದ್ಲೆಪ್ಪ ಮೇಲಿನಿಂದಲೇ, "ಇದು ಬಾ ಅನ್ನಾಕತ್ತೈತೋ, ಹೋಗ್ ಅನ್ನಾಕತ್ತೈತೋ? ಒಂದ ಮಾತ ಆಡಂತ ಹೇಳ ಅದಕ್ಕ."

"ಒಂದೀಟ ಮಂದ ಆಗೇತಿ, ಕಾಕಾ."

"ದೀಪಾನೋ, ನೀನೋ? ಬಂಕಾಪುರಕ್ಕ ಒಯ್ಯಿ. ಶೇಖಸಾಬನ ಮಗಳದಾಳ. ಆಕಿ ಮುಟ್ಟಿದ್ರ ಸತ್ತ ಮೋಟಾರ್ ಸೈತ ಎದ್ದ ಕುಂದರತೈತಿ."

ಭಾನುವಾರ ಚನ್ನೇಶ ದೀಪದ ಡಬ್ಬಿಗಳನ್ನೂ ಸರ್ಕೀಟಿನ ಹಲಗೆಯನ್ನೂ ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ.

ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ. ಬೋರ್ಡಿನ ಮೇಲೆ ಇನ್ನೂ 'ಶೇಖಸಾಬ ರೇಡಿಯೋ ರಿಪೇರಿ' ಎಂದಿತ್ತು. ಶೇಖಸಾಬ ತೀರಿಕೊಂಡು ಹನ್ನೊಂದು ವರ್ಷ, ರೇಡಿಯೋ ತೀರಿಕೊಂಡು ಅದಕ್ಕೂ ಹೆಚ್ಚು. ಒಳಗೆ ಐವತ್ತರ ಹತ್ತಿರದ ಅಫ್ಸಾನಾ, ಬೋರ್‌ವೆಲ್ ಸ್ಟಾರ್ಟರೊಂದರ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದಳು. ಬೆರಳು ಸಣ್ಣವೆಂದು ಅಪ್ಪ ಒಂಬತ್ತನೇ ವರ್ಷಕ್ಕೇ ಆಕೆಯ ಕೈಗೆ ಸೋಲ್ಡರಿಂಗ್ ಕಡ್ಡಿ ಕೊಟ್ಟಿದ್ದ. ಸವಣೂರಿಗೆ ಮದುವೆಯಾಗಿ ಹೋದಮೇಲೆ ಅತ್ತೆಯ ಮಿಕ್ಸರ್ ರಿಪೇರಿ ಮಾಡಿದಳು. ತಿಂಗಳೊಪ್ಪತ್ತಿನಲ್ಲಿ ಓಣಿಯ ಮಿಕ್ಸರುಗಳೆಲ್ಲ ಮನೆಗೆ ಬಂದು ಕೂತವು. ಅತ್ತೆ ಕಾಲಿಡಲು ಜಾಗವಿಲ್ಲವೆಂದಳು. ಅಪ್ಪ ಹಾಸಿಗೆ ಹಿಡಿದಾಗ ಬಂಕಾಪುರಕ್ಕೆ ಬಂದವಳು ಹಾಗೇ ಉಳಿದಳು. ಗಂಡ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರಿ, ವಾರಕ್ಕೆ ಎರಡು ದಿನ ಬರುತ್ತಾನೆ. ಯಾಕೆ ಹೀಗೆ ಎಂದು ಕೇಳಿದವರಿಗೆ, "ಅಲ್ಲಿ ಎಲಿ ಬಾಡಬಾರ್ದು, ಇಲ್ಲಿ ಗಿರಾಕಿ ಕಾಯಬಾರ್ದು," ಎಂದು ಹೇಳಿ ಕೆಲಸಕ್ಕೆ ತಿರುಗುತ್ತಾಳೆ.

ಚನ್ನೇಶ ನಕಾಶೆ ಬಿಡಿಸಿದ ಕಾಗದ ಹರವಹೋದ.

"ಕಾಗದ ಆಮ್ಯಾಲ. ಮೊದಲ ಇದು ಏನ ಮಾಡಾಕತ್ತೈತಿ ಹೇಳ."

"ಅಕ್ಕಾರ, ಇದು ಕೆಂಪು ಹತ್ತಿದಾಗ ಹಸಿರು ಆರಬೇಕ್ರಿ..."

"ಏನ ಮಾಡಬೇಕು ಅಂತ ಕೇಳಿಲ್ಲ ತಮ್ಮಾ. ಏನ ಮಾಡಾಕತ್ತೈತಿ?"

ಆಕೆಯ ಪದ್ಧತಿಯೇ ಬೇರೆ. ಮೀಟರಿನ ಕಡ್ಡಿಗಳನ್ನು ಗಿರಾಕಿಯ ಕೈಗೇ ಕೊಡುತ್ತಾಳೆ. ಅಳೆಯುವವನೂ ಅವನೇ, ಅಂಕಿ ಕೂಗುವವನೂ ಅವನೇ. ಆಕೆ ಕಣ್ಣು ಮುಚ್ಚಿ ಕೇಳುತ್ತಾಳೆ. ಚನ್ನೇಶ ಕಡ್ಡಿ ಹಿಡಿದು ಹಲಗೆಯ ಮೇಲೆ ಬಗ್ಗಿದ.

"ಆಪ್ಟೋದ ಈಚೆ ಕಾಲಿಗೆ?"

"ಒಂದು ಪಾಯಿಂಟ್ ಎರಡು ವೋಲ್ಟ್."

"ಜೀವ ಐತಿ. ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ?"

"ಪಾಯಿಂಟ್ ಏಳು."

"ಆಪ್ಟೋ ತನ್ನ ಕೆಲಸಾ ಮಾಡೈತಿ. ದೀಪದ ವೈರ್ ಬಂದಿರೋ ಕಾಲಿಗೆ?"

"ಆರು."

ಅಫ್ಸಾನಾ ಕಣ್ಣು ತೆರೆದಳು. "ಟ್ರಾನ್ಸಿಸ್ಟರ್ ಪೂರ್ತಿ ಹತ್ತಿದ್ರ ಅಲ್ಲಿ ಏನೂ ಉಳಿಬಾರ್ದು. ಎಲ್ಲಿಂದ ತಂದಿ ಇದನ್ನ?"

"ಹುಬ್ಬಳ್ಳಿಯಿಂದ್ರಿ. ವಿಡಿಯೋದಾಗಿನ ನಂಬರ್ ಸಿಗಲಿಲ್ಲ. ಅಂಗಡ್ಯಾವ ಎರಡೂ ಒಂದ ಅಂದ."

"ಕೆಲಸ ಒಂದ. ಕಾಲು ಒಂದ ಅಲ್ಲ. ಅದರ ಎಡಗಾಲು ಇದರ ಬಲಗಾಲು."

"ಅಂದ್ರ ಉಲ್ಟಾ ಹಚ್ಚೇನ್ರಿ?"

"ಎರಡೂ ದೀಪದ್ದೂ."

ಆಕೆ ಒಂದು ಡಬ್ಬಿ ತೆಗೆದು ತೋರಿಸಿದಳು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳ ಒಂದೊಂದು ಕಾಲಿಗೆ ಕೆಂಪು ಉಗುರುಬಣ್ಣದ ಬೊಟ್ಟು. ಹೊಸ ಪಾಕೀಟಿನದಾದರೂ ಮೀಟರಿಗೆ ಹಿಡಿದು, ದೀಪ ಕಟ್ಟುವ ಕಾಲು ಯಾವುದೆಂದು ಖಾತ್ರಿ ಮಾಡಿಕೊಂಡೇ ಬೊಟ್ಟಿಡುತ್ತಾಳೆ. ಆಕೆಯ ಉಗುರುಗಳಿಗೆ ಮಾತ್ರ ಬಣ್ಣವಿರಲಿಲ್ಲ.

ತಿರುಗಿಸಿ ಹಚ್ಚಿದ ಮೇಲೆ ಕೆಂಪು ಕೆಂಪಾಯಿತು, ಹಸಿರು ಹಸಿರಾಯಿತು. ಚನ್ನೇಶ ಆಗಲೇ ಮನಸ್ಸಿನಲ್ಲಿ ಹೊಸ ಮಶಿನಿನ ಪ್ಯಾನಲ್ ಬಾಗಿಲು ತೆರೆಯುತ್ತಿದ್ದ. ಅಷ್ಟರಲ್ಲಿ ಅಫ್ಸಾನಾ ಹಲಗೆಯನ್ನು ಬೋರಲು ಹಾಕಿ ಒಂದು ಕರಿ ವೈರನ್ನು ಬೆರಳಿನಿಂದ ಎತ್ತಿದಳು.

"ಇದೇನ?"

"ಕಂಪ್ಯೂಟರ್ ಕಡೆದು ಮೈನಸ್, ದೀಪದ ಕಡೆದು ಮೈನಸ್. ಎರಡೂ ಮೈನಸ್ ಅಲ್ಲೇನ್ರಿ, ಕೂಡಿಸಿದ್ರ ಗಟ್ಟಿ ಅಂತ ಮಾಡಿದ್ದೆ."

"ಆಪ್ಟೋ ಯಾಕ ಹಾಕಿದಿ?"

"ಅಂಗಳದಾಗಿನ ಕರೆಂಟು ಕಂಪ್ಯೂಟರಿಗೆ ದಾಟಬಾರ್ದಂತ."

"ನಡುವ ಗ್ವಾಡಿ ಕಟ್ಟಿದಿ. ಆಮ್ಯಾಲ ಅದಕ್ಕೊಂದು ಬಾಗ್ಲಾ ಇಟ್ಟು ತಗದಿಟ್ಟಿ."

ಕಟರಿನಿಂದ ವೈರು ತುಂಡರಿಸಿದಳು. ದೀಪಗಳು ಮೊದಲಿನಂತೆಯೇ ಉರಿದವು. ಕತ್ತರಿಸಿದರೂ ಏನೂ ವ್ಯತ್ಯಾಸವಾಗದ ತಪ್ಪು ಚನ್ನೇಶನಿಗೆ ತಪ್ಪೆನ್ನಿಸಲೇ ಇಲ್ಲ. ಆಕೆ ಅವನ ಮುಖವನ್ನು ತುಸು ಹೊತ್ತು ನೋಡಿ, ಮತ್ತೆ ಸ್ಟಾರ್ಟರಿನತ್ತ ತಿರುಗಿದಳು.

ಮಂಗಳವಾರ ಅಫ್ಸಾನಾ ಆ ಸ್ಟಾರ್ಟರು ಕೂಡಿಸಲು ಶಿಗ್ಗಾಂವಕ್ಕೇ ಬಂದಳು. ಅದು ಸಾವಕಾರರ ವಖಾರದ ಬೋರ್‌ವೆಲ್ಲಿನದಂತೆ. ಅಂಗಳದಲ್ಲಿ ಟ್ರ್ಯಾಕ್ಟರುಗಳು ಕೆಂಪಿಗೆ ನಿಂತು ಹಸಿರಿಗೆ ಹೊರಡುತ್ತಿದ್ದವು. ಗುದ್ಲೆಪ್ಪ ಕೂಡ ನಿಂತಿದ್ದ. ಸಾವಕಾರರು ಹಿಗ್ಗಿನಿಂದ ಚನ್ನೇಶನ ಹೆಗಲ ಮೇಲೆ ಕೈಯಿಟ್ಟರು. ಹೊಸ ಪ್ಯಾನಲ್ಲಿನ ಬೀಗದ ಕೈ ಅವರ ಇನ್ನೊಂದು ಕೈಯಲ್ಲೇ ಇತ್ತು.

"ಅಫ್ಸಾನಾ ತಂಗಿ, ನೀ ಬಂದಿದ್ದು ಚಲೋ ಆತು. ಇವನ ಎದರಿಗೇ ಕೇಳ್ತೇನಿ. ಹಸನ ಮಾಡೋ ಮಶಿನಿನ ಪ್ಯಾನಲ್ ಈ ಹುಡುಗನ ಕೈಯಾಗ ಕೊಡಬಹುದೇನು?"

ಚನ್ನೇಶ ನಗುತ್ತ ಆಕೆಯ ಕಡೆ ನೋಡಿದ. ಅಫ್ಸಾನಾ ಅವನನ್ನು ನೋಡಿದಳು, ಕೈಯನ್ನು ಚಿಂದಿಗೆ ಒರೆಸಿಕೊಂಡಳು.

"ಬ್ಯಾಡ್ರಿ ಸಾವ್ಕಾರ. ಈ ದೀಪ ಕೆಟ್ರ ಟ್ರ್ಯಾಕ್ಟರ್ ನಿಂದರತಾವ. ಆ ಪ್ಯಾನಲ್‌ನ್ಯಾಗ ಇಂವ ಒಂದ ವೈರ್ ತಪ್ಪಿದ್ರ ಕರೆಂಟು ಮಶಿನಿನ ಮೈಗೆ ದಾಟಿ, ಅದಕ್ಕ ಕಾಳು ಸುರಿಯೋ ಹೆಣ್ಮಕ್ಕಳು ಸಾಯ್ತಾರ."