ಕಪ್ಪು ಕಾರಿನ ಸುಳಿ

ಅಕ್ಟೋಬರ್ ಐದು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆಗ. ಜನ ತಮಗೆ ಸಕ್ಕರೆ ಕಾಯಿಲೆ ಬಂದ ವರ್ಷ ಹೇಳುತ್ತಾರೆ, ಮಂಡಿನೋವು ಹಿಡಿದ ತಿಂಗಳು ಹೇಳುತ್ತಾರೆ. ಹೊಟ್ಟೆಕಿಚ್ಚಿನ ಮಾತು ಬಂದರೆ ಮಾತ್ರ ತಮಗೆ ಅದು ಬಂದೇ ಇಲ್ಲ ಎನ್ನುತ್ತಾರೆ. ನಾನು ದಿನಚರಿ ಬರೆಯುವವಳು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನಕ್ಕೂ ತಾರೀಖು ಹಾಕುವವಳು. ಇದಕ್ಕೂ ಹಾಕಿದೆ.

ಆ ಹೊತ್ತಿಗೆ ನನ್ನ ಚಿಕ್ಕಮ್ಮನ ಮಗಳು ರಶ್ಮಿ ಟಿ. ನರಸೀಪುರದಿಂದ ಬಂದು, ನಂಜನಗೂಡಿನ ನಮ್ಮ ಮನೆಯ ಮುಂದೆ ತನ್ನ ಕಾರನ್ನು ನನ್ನ ಕಾರಿನ ಪಕ್ಕಕ್ಕೆ ತಂದು ನಿಲ್ಲಿಸಿದಳು. ಇಬ್ಬರದೂ ಒಂದೇ ಮಾದರಿ, ಒಂದೇ ಕಪ್ಪು. ನಾನು ಕೊಂಡ ಮೇಲೆ ಅವಳು ಕೊಂಡದ್ದು. ಎಳೆಬಿಸಿಲು ಎರಡರ ಮೇಲೂ ಸಮನಾಗಿ ಬಿತ್ತು. ಸೂರ್ಯ ಪಕ್ಷಪಾತಿಯಲ್ಲ, ಒಪ್ಪಿದೆ. ಆದರೆ ಅವಳ ಬಾನೆಟ್ಟಿನಲ್ಲಿ ಅವನು ಒಂದು ದುಂಡು ಬೊಟ್ಟಿನಂತೆ ಕಂಡ. ನನ್ನ ಬಾನೆಟ್ಟಿನಲ್ಲಿ ಜೇಡರಬಲೆಯೊಳಗೆ ಸಿಕ್ಕಿಬಿದ್ದ ಹುಳುವಿನಂತೆ ಕಂಡ. ಅವನ ಸುತ್ತ ಸಾವಿರಾರು ಕೂದಲೆಳೆಯ ಗೀರುಗಳು, ಸುತ್ತು ಸುತ್ತಾಗಿ.

"ಅಕ್ಕ, ನಿನ್ ಕಾರ್‌ಗೇನೇ ಆಯ್ತು? ಪಾತ್ರೆ ನಾರಲ್ಲಿ ಉಜ್ಜಿದಂಗದೆ," ಎಂದಳು ರಶ್ಮಿ.

"ನಾರಲ್ಲ ಕಣೇ, ವಿಭೂತಿ," ಎಂದು ಅಮ್ಮ ಹೆಮ್ಮೆಯಿಂದ ತಿದ್ದಿದಳು. "ಬೆಳ್ಳಿ ದೀಪ ಹೊಳೆಯಲ್ವಾ? ಆಯುಧಪೂಜೆಗೆ ಅಂತ ಒಂದು ಗಟ್ಟಿ ಪೂರ್ತಿ ಪುಡಿ ಮಾಡಿ ನಾನೇ ಉಜ್ಜಿದೆ."

ನಮ್ಮಂಥ ಮನೆಗಳಲ್ಲಿ ವಿಭೂತಿಗೆ ಹಣೆ ಮೊದಲನೆಯ ಜಾಗ, ಬೆಳ್ಳಿ ಎರಡನೆಯದು. ಹಣೆಗೂ ಬೆಳ್ಳಿಗೂ ಒಗ್ಗಿದ್ದು ಬಾನೆಟ್ಟಿಗೆ ಏಕೆ ಒಗ್ಗಬಾರದು ಎಂದು ಅಮ್ಮನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಅವಳು ಒಣಬಟ್ಟೆ ಹಿಡಿದು ಸುತ್ತಿ ಸುತ್ತಿ ಉಜ್ಜುವಾಗ ನಾನು ಪಕ್ಕದಲ್ಲೇ ನಿಂತು ವೀಡಿಯೋ ತೆಗೆದಿದ್ದೆ.

ಇಷ್ಟಕ್ಕೇ ನಿಂತಿದ್ದರೆ ನಾನೂ ತಡೆದುಕೊಳ್ಳುತ್ತಿದ್ದೆ. ಆದರೆ ರಶ್ಮಿ ಬಂದದ್ದೇ ಒಂದು ಸುದ್ದಿ ಹೊತ್ತು. ಹುಲ್ಲಹಳ್ಳಿಯ ನಮ್ಮ ಸೋದರಮಾವನ ಮಗಳು ಕವಿತಾಳ ಮದುವೆ ಗೊತ್ತಾಗಿತ್ತು. ನಂಜನಗೂಡಿನಲ್ಲಿ ಛತ್ರ. ಹುಲ್ಲಹಳ್ಳಿಯಿಂದ ಮದುಮಗಳನ್ನು ಕರೆತರಲು ಹೂವಿನ ಕಾರು ಬೇಕು. ಮಾವ ಫೋನಿನಲ್ಲಿ ತೀರ್ಪು ಕೊಟ್ಟರು: "ಮನೆ ಎಣ್ಮಕ್ಳತ್ರನೇ ಎರಡ್ ಕಾರ್ ಇರುವಾಗ ಬಾಡ್ಗೆ ಕಾರ್ ಯಾಕ್ರವ್ವ? ಯಾವ್ದು ಲಕ್ಷಣವಾಗದೋ ಅದ್ರಲ್ಲೇ ಕವಿತ ಬರ್ಲಿ. ನಾನೇ ಬಂದ್ ನೋಡ್ ಏಳ್ತೀನಿ."

ಮದುವೆಯ ಆಲ್ಬಮ್ಮಿನ ಮೊದಲ ಪುಟದಲ್ಲಿ ಮದುಮಗಳು ಕಾರಿನಿಂದ ಇಳಿಯುವ ಚಿತ್ರ ಇರುತ್ತದೆ. ಊಟದ ಚಿತ್ರ ತಲುಪುವ ಹೊತ್ತಿಗೆ ನೋಡುವವರು ಆಕಳಿಸುತ್ತಾರೆ, ಮೊದಲ ಪುಟವನ್ನು ಎಲ್ಲರೂ ನೋಡುತ್ತಾರೆ. ಚಿಕ್ಕಂದಿನಲ್ಲಿ ರಶ್ಮಿಯ ಅಕ್ಷರ ನನ್ನದಕ್ಕಿಂತ ದುಂಡಗಿತ್ತು. ಅವಳ ಜಡೆ ನನ್ನದಕ್ಕಿಂತ ದಪ್ಪಗಿತ್ತು. ಈಗಲೂ ಅವಳು ತಟ್ಟಿದ ರೊಟ್ಟಿ ಉಬ್ಬುತ್ತದೆ, ನನ್ನದು ಯೋಚನೆಯಲ್ಲಿ ಬಿದ್ದವರ ಹಾಗೆ ಮಲಗಿರುತ್ತದೆ. ಇವನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ. ಮೊದಲ ಪುಟವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ತಾಂಡ್ಯದ ಕಾರ್ಖಾನೆಯೊಂದರಲ್ಲಿ ನನ್ನದು ಗುಣಮಟ್ಟ ಪರೀಕ್ಷೆಯ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುತ್ತೇನೆ. ಅವತ್ತು ರಶ್ಮಿ ಒಳಗೆ ಕಾಫಿ ಕುಡಿಯುವಾಗ ಅವಳ ಕಾರಿನ ಸುತ್ತ ಎರಡು ಸಲ ಸಂಬಳವಿಲ್ಲದೆ ಸುತ್ತಿದೆ. ಒಂದು ತಪ್ಪೂ ಸಿಗಲಿಲ್ಲ. ಕಾರ್ಖಾನೆಯಲ್ಲಿ ಹೀಗಾದರೆ ಸಂತೋಷಪಡುತ್ತೇವೆ.

ಈ ಗೀರುಗಳಿಗೆ ನಾನು ಸುಳಿ ಎಂದು ಹೆಸರಿಟ್ಟೆ. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಕೆಲಸ ಜಾಸ್ತಿ. ನರಸೀಪುರದ ಸಂಗಮದಲ್ಲಿ ಕಪಿಲೆ ಕಾವೇರಿಯನ್ನು ಸೇರುವ ಕಡೆ ನೀರಿಗೆ ಸುಳಿ. ಬಾಳೆಯ ನಡುವೆ ಸುರುಳಿಯಾಗಿ ಏಳುವ ಎಳೆ ಎಲೆ ಸುಳಿ. ಮಗುವಿನ ನೆತ್ತಿಯಲ್ಲಿ ಎರಡು ಸುಳಿ ಕಂಡರೆ ಎರಡು ಮದುವೆ ಎಂದು ಅಜ್ಜಿಯರು ನಗುತ್ತಾರೆ. ಎತ್ತು ಕೊಳ್ಳುವವರಿಗಂತೂ ಸುಳಿಯೇ ಜಾತಕ. ಹಣೆಯಲ್ಲಿ ಎಲ್ಲಿದೆ, ಬೆನ್ನಲ್ಲಿ ಎಲ್ಲಿದೆ ಎಂದು ನೋಡದೆ ಹಗ್ಗ ಮುಟ್ಟುವುದಿಲ್ಲ. ನಮ್ಮ ಮಾವ ಆಯುಷ್ಯವೆಲ್ಲ ಎತ್ತುಗಳನ್ನು ನೋಡಿದವರು. ಅವರು ನನ್ನ ಕಾರನ್ನು ಹೇಗೆ ನೋಡುತ್ತಾರೆ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಮಾವ ಬರುವುದರೊಳಗೆ ಸಿಕ್ಕಿದ ಭಾನುವಾರಗಳನ್ನೆಲ್ಲ ಕಾರಿಗೆ ಕೊಟ್ಟೆ. ಎರಡು ಬಕೆಟ್ ಇಟ್ಟುಕೊಂಡೆ, ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆಯ ಮಣ್ಣು ಜಾಲಿಸಲು. ಒಂದೇ ಬಕೆಟ್ಟಾದರೆ ತೆಗೆದ ಮಣ್ಣನ್ನೇ ಮತ್ತೆ ಉಜ್ಜಿದಂತೆ. ಆಮೇಲೆ ನೆರಳಿನಲ್ಲಿ ನಿಲ್ಲಿಸಿ, ರಬ್ಬರ್ ಪಟ್ಟಿಗಳ ಅಂಚಿಗೆ ಟೇಪ್ ಅಂಟಿಸಿ, ಪಾಲಿಶ್ ಮೆಷಿನ್ನಿನ ಸ್ಪಂಜಿಗೆ ಕಡಲೆಕಾಳಿನಷ್ಟು ಪಾಲಿಶ್ ಇಟ್ಟು, ಒಂದು ಸಲಕ್ಕೆ ಊಟದ ತಟ್ಟೆಯಗಲ ಜಾಗ. ನಿಧಾನ, ಮೊದಲು ಅಡ್ಡ, ಆಮೇಲೆ ಉದ್ದ. ಒರೆಸಿ, ಟಾರ್ಚ್ ಬಿಟ್ಟು ನೋಡಿ, ಮುಂದಿನ ತಟ್ಟೆ. ಅಮ್ಮ ಬಾಗಿಲಲ್ಲಿ ನಿಂತು, "ನಿನ್ ಹಲ್ಲನ್ನ ಯಾವತ್ತಾರ ಇಷ್ಟ್ ಚೆನ್ನಾಗಿ ಉಜ್ಜಿದ್ಯಾ?" ಎಂದಳು. ಅದನ್ನೂ ಬರೆದುಕೊಂಡಿದ್ದೇನೆ.

ಉಜ್ಜುತ್ತ ಉಜ್ಜುತ್ತ ಒಂದು ಸಂಗತಿ ತಿಳಿಯಿತು. ಕಾರಿನ ಬಣ್ಣದ ಮೇಲೆ ಗಾಜಿನಂಥ ಬಣ್ಣವಿಲ್ಲದ ಪದರ ಒಂದಿರುತ್ತದೆ. ಗೀರು ಬಿದ್ದಿರುವುದು ಅದರಲ್ಲಿ. ಪಾಲಿಶ್ ಗೀರನ್ನು ತೆಗೆಯುವುದಿಲ್ಲ. ಗೀರು ಎಷ್ಟು ಆಳವಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ಚೆನ್ನಾಗಿರುವುದನ್ನೆಲ್ಲ ಸವೆಸುತ್ತದೆ. ಎಲ್ಲವೂ ಗೀರಿನ ಮಟ್ಟಕ್ಕೆ ಇಳಿದಾಗ ಗೀರು ಕಾಣುವುದಿಲ್ಲ, ಅಷ್ಟೆ. ಮೆಷಿನ್ ಆರಿಸಿದೆ. ರಶ್ಮಿಯ ಕಾರಿಗೆ ಒಂದೇ ಒಂದು ಗೀರು ಬೀಳಲಿ ಎಂದು ನಾನು ವಾರಗಟ್ಟಲೆ ಬಯಸಿದ್ದು ಇದೇ ವಿದ್ಯೆಯಲ್ಲವೇ? ಹಾಗೆ ಅನ್ನಿಸಿದರೂ ಮತ್ತೆ ಮೆಷಿನ್ ಹಾಕಿದೆ. ಎಡಬಾಗಿಲು ಬಾಕಿಯಿತ್ತು.

ನವೆಂಬರ್ ಎರಡು, ಭಾನುವಾರ, ಮಾವ ಬಂದರು. ನನ್ನ ಕಾರು ಅವರ ಬಿಳಿ ಪಂಚೆಯನ್ನು ಮಡಿಕೆ ಸಮೇತ ತೋರಿಸಿತು. ರಶ್ಮಿಯ ಕಾರು ಬಂದ ಅವತಾರ ನೋಡಿ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಚಕ್ರದಿಂದ ಕನ್ನಡಿಯವರೆಗೆ ಗದ್ದೆ ಕೆಸರು, ಮೇಲೆ ಹುಲ್ಲಿನ ಧೂಳು. ಮಾವ ನನ್ನ ಕಾರಿನ ಸುತ್ತ ಎತ್ತಿನ ಸುತ್ತ ಬರುವಂತೆ ಬಂದರು. ಹಿಂದಿನಿಂದ ಮುಂದಕ್ಕೆ ಅಂಗೈ ಸವರಿದರು. ಟೈರಿಗೆ ಕಾಲಿನಿಂದ ತಟ್ಟಿದರು. ಹಲ್ಲು ನೋಡಲು ಬಾಗುತ್ತಾರೋ ಎಂದುಕೊಂಡೆ.

"ಒಂದ್ ಸುಳೀನೂ ಇಲ್ವಲ್ಲ ಮಗ," ಎಂದರು. "ಸುಳಿ ಇಲ್ದಿರೋದ್ನ ಇವತ್ತೇ ಕಂಡಿದ್ದು. ಇದ್ರಲ್ಲೇ ಬರ್ಲಿ ಕವಿತ."

ರಶ್ಮಿ ಬೇಸರಪಡಲಿಲ್ಲ. ಅದೊಂದು ನನಗೆ ಸರಿಬರಲಿಲ್ಲ.

ಮದುವೆಯ ಬೆಳಿಗ್ಗೆ ಹೂವಿನವರು ಬಂದು ನನ್ನ ಬಾನೆಟ್ಟನ್ನು ಮಗ್ಗದಂತೆ ಬಳಸಿದರು. ಹೂ ಕಟ್ಟಿದ ತಂತಿಯ ಬಾಲಗಳು ಬಣ್ಣದ ಮೇಲೆ ಕರಕರ ಎಳೆದಾಡಿದವು. ಛತ್ರದ ಬಾಗಿಲಲ್ಲಿ ಅಕ್ಷತೆ ಬಿತ್ತು, ಆರತಿಯ ಕೆಂಪುನೀರು ಚೆಲ್ಲಿತು. ಅದು ಒಣಗುವ ಮೊದಲೇ ಅಮ್ಮ ಓಡಿಬಂದು ರೇಷ್ಮೆ ಸೆರಗಿನಲ್ಲಿ ಒರೆಸಿದಳು, ಸುತ್ತಿ ಸುತ್ತಿ. ಹೊಂಗೆ ಮರದ ನೆರಳಲ್ಲಿ ರಶ್ಮಿಯ ಕಾರು ತೊಳೆಸಿಕೊಂಡು ನಿಂತಿತ್ತು. ಸೂರ್ಯ ಎಲೆಗಳ ಸಂದಿಯಿಂದ ಇಳಿದು ಅಲ್ಲಿ ಮತ್ತೆ ಒಂದು ದುಂಡು ಬೊಟ್ಟು.

"ಹೂವಿನ ಕಾರ್ ಗತಿ ಏನಾಗುತ್ತೆ ಅಂತ ನಂಗೊತ್ತಿತ್ತು ಕಣಕ್ಕ," ಎಂದಳು ರಶ್ಮಿ ಮಜ್ಜಿಗೆ ಕುಡಿಯುತ್ತ. "ಅದ್ಕೇ ಅವತ್ತು ಬೇಕೂಂತ ಗದ್ದೆ ದಾರೀಲಿ ಬಂದೆ."

ಗೆದ್ದವಳು ನಾನು, ಹೊಳೆಯುತ್ತಿರುವುದು ಅವಳದು. ಅವಳು ಲೋಟ ಕೆಳಗಿಟ್ಟು, ನನ್ನ ಕಾರಿನ ಕಡೆಗೇ ನೋಡುತ್ತ ಇನ್ನೊಂದು ಮಾತು ಸೇರಿಸಿದಳು: "ಆದ್ರೂ ಕಾರ್ ಬರ್ತಿದ್ದಂಗೆ ವಾಲಗ, ಆರತಿ, ಫೋಟೋ, ಎಲ್ಲಾ ನಿನ್ ಕಡೀಕೇ ಓಡ್ತು. ನನ್ ಕಾರ್‌ನ ಒಬ್ರೂ ತಿರುಗ್ ನೋಡ್ಲಿಲ್ಲ. ಕೆಸರು ಬಳ್ಕೋಬಾರ್ದಿತ್ತು ಅನ್ನಿಸ್ತು ನೋಡು."

ಅವಳ ಹೊಟ್ಟೆಕಿಚ್ಚು ಶುರುವಾದ ಗಂಟೆಯನ್ನು ಅವಳ ಪರವಾಗಿ ನಾನೇ ಬರೆದಿಟ್ಟಿದ್ದೇನೆ. ಹತ್ತೂ ಇಪ್ಪತ್ತು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಮಾದರಿ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಆಗಲೇ.

ಈಗ ಬಾನೆಟ್ಟಿನಲ್ಲಿ ಹೊಸ ಸುಳಿಗಳಿವೆ, ತಂತಿ ಎಳೆದ ಒಂದು ಉದ್ದನೆಯ ಗೀರೂ ಇದೆ. ಉಗುರಿಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಅದರ ಮಟ್ಟಕ್ಕೆ ಎಲ್ಲವನ್ನೂ ಇಳಿಸಲು ಹೊರಟರೆ ಮೇಲಿನ ಪದರ ಉಳಿಯುವುದೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಮೆಷಿನ್ನನ್ನು ಅಟ್ಟಕ್ಕೆ ಹಾಕಿ ಕೂತಿದ್ದೇನೆ. ಇಂಥ ಗೀರಿನೊಡನೆ ಏಗಿದವರು, ಸುತ್ತಲಿನದನ್ನು ಸವೆಸದೆ ಅದೊಂದನ್ನೇ ತುಂಬುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಕಾರಿಗಾದರೂ ಸರಿ, ಹೊಟ್ಟೆಗಾದರೂ ಸರಿ. ವಿಭೂತಿಯೊಂದನ್ನು ಬಿಟ್ಟು ಏನು ಹೇಳಿದರೂ ಮಾಡಿ ನೋಡುತ್ತೇನೆ.