ಮುದ್ದೆ ಕೋಲಿನಲ್ಲಿ ಕೇಳುವ ಮೆಕ್ಯಾನಿಕ್

ಗುರುವಾರ, ಬೆಳಗಿನ ಐದೂವರೆ. ಬುಲವಾಯೊ ನಗರದ ಮಕೊಕೊಬಾ ಬಡಾವಣೆಯ ಬೀದಿಯಲ್ಲಿ, ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಥಂಡಿಗೆ ನಾಯಿಗಳೂ ಮುದುರಿ ಮಲಗಿವೆ. ಫಿನಿಯಾಸ್ ಎನ್‌ಡ್ಲೋವು ಮಾತ್ರ ಮನೆಯ ಮುಂದಿನ ತಗಡಿನ ಚಪ್ಪರದಡಿ ಮಂಡಿಯೂರಿದ್ದಾರೆ. ಮುದ್ದೆ ತಿರುವುವ ಕೋಲಿನ ಒಂದು ತುದಿಯನ್ನು ಹಳೆಯ ಬೈಕಿನ ಗೇರ್‌ಬಾಕ್ಸಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾರೆ. ಸ್ಟ್ಯಾಂಡ್ ಹಾಕಿದ ಬೈಕಿನ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿದೆ. ಅವರ ಕಣ್ಣು ಮುಚ್ಚಿದೆ.

ಒಳಗಿನಿಂದ ಹೆಂಡತಿಯ ಕೂಗು ಬರುತ್ತದೆ. ಥೆಂಬಿಯ ತಾಯಿಯಾದ್ದರಿಂದ ಆಕೆ ಬೀದಿಗೆಲ್ಲ ನಾಕಾಥೆಂಬಿ. "ಥೆಂಬಿಯಪ್ಪಾ, ನನ್ನ ಕೋಲು ಮತ್ತೆ ತಗೊಂಡ್ರಾ? ನಿನ್ನೆ ಮುದ್ದೇಲಿ ಪೆಟ್ರೋಲ್ ವಾಸನೆ ಬರ್ತಿತ್ತು, ಸುಮ್ನೆ ತಿಂದ್ರಲ್ಲ!"

ಫಿನಿಯಾಸರಿಗೆ ಇದು ಕೇಳಿಸುವುದಿಲ್ಲ. ಕೇಳಿಸದಂತೆ ನಟಿಸುತ್ತಿಲ್ಲ, ನಿಜಕ್ಕೂ ಕೇಳಿಸುವುದಿಲ್ಲ. ಹರೆಯದಲ್ಲಿ ಹದಿನೆಂಟು ವರ್ಷ ಕಬ್ಬಿಣದ ತಗಡು ಬಡಿದು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಆದರೆ ದವಡೆಯ ಮೂಳೆ ಇನ್ನೂ ಗಟ್ಟಿ. ಕಂಪನ ಕೋಲಿನಿಂದ ಹಲ್ಲಿಗೆ, ಹಲ್ಲಿನಿಂದ ತಲೆಗೆ ಹೋಗುತ್ತದೆ. ಕಿವುಡ ಗೇರ್‌ಬಾಕ್ಸಿನ ಮಾತು ಕೇಳುತ್ತಾನಂತೆ ಎಂದು ನಕ್ಕವರೇ ತಮ್ಮ ಗಾಡಿ ಕೆಟ್ಟಾಗ ಇದೇ ಚಪ್ಪರದಡಿ ಬಂದು ಕೂರುತ್ತಾರೆ. ಪತ್ರಿಕೆಗೆ ಬರೆಯುತ್ತ ಇಪ್ಪತ್ತು ವರ್ಷ ಈ ಬೀದಿಯಲ್ಲೇ ಓಡಾಡಿದ ನನಗೆ ಇವರು ಕಣ್ಣಿಗೆ ಬಿದ್ದದ್ದು ಈ ವಾರ. ನಾಚಿಕೆಯಾಗುತ್ತದೆ, ಹೇಳದೆ ವಿಧಿಯಿಲ್ಲ.

ಬೈಕು ಮಾಡೂಬೆ ಎಂಬುವರದು, ಅಂದರೆ ಅವರ ಗಂಡ ಟೈಟಸರದು. ಇಂಗ್ಲೆಂಡಿನಲ್ಲಿ ತಯಾರಾದದ್ದು, ವಯಸ್ಸು ಅರವತ್ತು ದಾಟಿದೆ, ಟ್ಯಾಂಕಿನ ಮೇಲಿದ್ದ ಹೆಸರು ಅಳಿಸಿಹೋಗಿದೆ. ಕೇಜಿ ಎಂಬ ಊರಿನ ಕಡೆಯ ಹಳ್ಳಿಗಳಲ್ಲಿ ದನಗಳನ್ನು ಉಣ್ಣಿ ಸಾಯಿಸುವ ಔಷಧಿಯ ತೊಟ್ಟಿಗೆ ಇಳಿಸುವುದು ಟೈಟಸರ ಕೆಲಸವಾಗಿತ್ತು. ಅವರು ಬರುವ ದಿನ ಯಾರೂ ಸಾರಿ ಹೇಳಬೇಕಿರಲಿಲ್ಲ. ಬೈಕಿನ ಸದ್ದು ಗುಡ್ಡದಾಚೆ ಕೇಳಿದರೆ ಸಾಕು, ಜನ ದನ ಬಿಚ್ಚುತ್ತಿದ್ದರು. ಕಳೆದ ವರ್ಷ ಟೈಟಸ್ ತೀರಿಕೊಂಡರು. ಈ ಶನಿವಾರ ಉಂಬುಯಿಸೊ. ಸತ್ತವರ ಆತ್ಮವನ್ನು ಮನೆಗೆ ಕರೆತರುವ ದಿನ ಅದು. ಜೋಳದ ಮದ್ಯ ಆಗಲೇ ಹುದುಗುತ್ತಿದೆ. ಅಂದು ಮಗಳು ನೊಮ್ಸಾ ಅಪ್ಪನ ಬೈಕನ್ನು ಹಟ್ಟಿಯೊಳಕ್ಕೆ ಓಡಿಸಿಕೊಂಡು ಬರಬೇಕೆಂಬುದು ತಾಯಿಯ ಆಸೆ.

ಆದರೆ ಬೈಕು ಹೊರಟರೆ ಸಾಕು, ಕಲ್ಲು ಅರೆದಂತೆ ಗರಗರ. ಪೇಟೆಯ ಒಂದು ವರ್ಕ್‌ಶಾಪಿನವರು ಮೊದಲ ಮೂರು ಗೇರೂ ಸವೆದಿವೆ, ಇದರ ಕಥೆ ಮುಗಿಯಿತು ಎಂದುಬಿಟ್ಟರು. ಮೈದುನ ಹೆಬ್ರಾನ್ ಬಿಡಿಭಾಗಗಳಿಗಾಗಿ ಕೊಳ್ಳುವ ಗಿರಾಕಿಯನ್ನೂ ಹುಡುಕಿದ್ದಾರೆ. "ಅಣ್ಣನಿಗೇ ಇಷ್ಟ ಇಲ್ಲ ಅತ್ತಿಗೆ. ಅದಕ್ಕೇ ಗಾಡಿ ಹಲ್ಲು ಕಡೀತಿದೆ. ಶನಿವಾರದ ಒಳಗೆ ಸದ್ದು ನಿಲ್ಲದಿದ್ರೆ ಕೊಟ್ಬಿಡೋಣ," ಎನ್ನುತ್ತಾರೆ. ಚಪ್ಪರದ ಮೂಲೆಯಲ್ಲಿ ಕಂಬಳಿ ಹೊದ್ದು ಮಾಡೂಬೆ ಕೂತಿದ್ದಾರೆ. ಅವರ ಕಣ್ಣೆಲ್ಲ ಆ ಕೋಲಿನ ಮೇಲಿದೆ.

ಗೇರಿಲ್ಲದೆ ಎಂಜಿನ್ ಮಾತ್ರ ಓಡಿದಾಗ ಗರಗರವಿಲ್ಲ. ಒಂದು, ಎರಡು, ಮೂರನೇ ಗೇರಿನಲ್ಲಿ ಗರಗರ. ನಾಲ್ಕಕ್ಕೆ ಹಾಕಿದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ. ಫಿನಿಯಾಸ್ ಇದನ್ನು ಏಳು ಸಲ ಮಾಡುತ್ತಾರೆ. ಆಮೇಲೆ ಕೋಲನ್ನು ಅಂಗಿಗೆ ಒರೆಸಿ ಏಳುತ್ತಾರೆ.

"ಮೂರು ಮಕ್ಕಳು ಒಟ್ಟಿಗೆ ಅಳ್ತಿದ್ರೆ ಮೂವರಿಗೂ ಹೊಟ್ಟೆನೋವು ಅನ್ಬಾರ್ದು. ಅವರನ್ನ ಹೊತ್ತವಳ ಕಾಲಿಗೆ ಮುಳ್ಳು ಚುಚ್ಚಿದೆಯಾ ನೋಡ್ಬೇಕು," ಎನ್ನುತ್ತಾರೆ ನನ್ನತ್ತ ತಿರುಗಿ. ಈ ಬೈಕಿನಲ್ಲಿ ಮೊದಲ ಮೂರು ಗೇರುಗಳ ಭಾರ ಹೊರುವುದು ಕೆಳಗಿನ ದಂಡ, ಅಂದರೆ ಶಾಫ್ಟು. ನಾಲ್ಕನೆಯದರಲ್ಲಿ ಆ ದಂಡಕ್ಕೆ ಭಾರವಿಲ್ಲ. "ಗೇರಲ್ಲ. ಕೆಳಗಿನ ದಂಡದ ಬೇರಿಂಗು."

"ಬಿಚ್ಚಿದ ಮೇಲೆ ಹಲ್ಲೇ ಮುರಿದಿದ್ರೆ, ಗಾಟ್ಶೇನಿ?" ಹೆಬ್ರಾನ್ ಫಿನಿಯಾಸರ ಕುಲದ ಹೆಸರು ಹಿಡಿದೇ ಕೆಣಕುತ್ತಾರೆ.

"ಮುರಿದಿದ್ರೆ ನನ್ನ ಮರ್ಯಾದೇನೂ ನಿನ್ನ ಗಿರಾಕಿಗೇ ಮಾರು."

ಬಿಚ್ಚುವ ಮೊದಲು ಅವರು ಮಾಡೂಬೆಯ ಎಡಕ್ಕೆ ಬಂದು ಕೂರುತ್ತಾರೆ. ತಮ್ಮ ಒಳ್ಳೆಯ ಕಿವಿಯನ್ನು ಅವರತ್ತ ತಿರುಗಿಸಿ, "ಗಾಡಿ ಎಲ್ಲಿ ನಿಂತಿತ್ತಮ್ಮ?" ಎಂದು ಕೇಳುತ್ತಾರೆ.

"ಅವರ ಕೋಣೇಲೇ. ಒಂದು ವರ್ಷ ಯಾರೂ ಮುಟ್ಟಲಿಲ್ಲ. ಸತ್ತವರದ್ದು ಮುಟ್ತಾರಾ? ಎಣ್ಣೆ ತೊಟ್ಟಿಕ್ತಿತ್ತು, ನೆಲ ಕೊಳೆಯಾಗ್ಬಾರ್ದು ಅಂತ ತಟ್ಟೆ ಇಟ್ಟಿದ್ದೆ. ತುಂಬಿದಾಗ ಚೆಲ್ತಿದ್ದೆ."

"ಎಷ್ಟು ಸಲ?"

"ನಾಲ್ಕೈದು ಸಲ ಇರ್ಬೇಕು." ಮಾಡೂಬೆಯ ಮುಖ ಇಳಿಯುತ್ತದೆ. "ಅಯ್ಯೋ, ನಾನೇ ಹಾಳು ಮಾಡಿದ್ನಾ?"

ಎಣ್ಣೆಯೆಲ್ಲ ಸೋರಿ, ಒಣಗಿದ ಬೇರಿಂಗು ತುಕ್ಕು ಹಿಡಿದಿದೆ. ಪೇಟೆಯವರು ಹೊಸ ಎಣ್ಣೆ ತುಂಬಿ ಓಡಿಸಿ ನೋಡಿದರೇ ಹೊರತು ಅದು ಹೇಗೆ ನಿಂತಿತ್ತೆಂದು ಕೇಳಲಿಲ್ಲ. ಫಿನಿಯಾಸ್ ತಲೆಯಾಡಿಸುತ್ತಾರೆ. "ನೀವು ಅವರಿಗೆ ಮರ್ಯಾದೆ ಕೊಟ್ರಿ. ಬೇರಿಂಗಿಗೆ ಅದು ಅರ್ಥವಾಗಲ್ಲ, ಅಷ್ಟೇ."

ಮಧ್ಯಾಹ್ನದ ಹೊತ್ತಿಗೆ ಗೇರುಗಳು ಗೋಣಿಚೀಲದ ಮೇಲೆ ಸಾಲಾಗಿ ಮಲಗಿವೆ. ಫಿನಿಯಾಸ್ ಒಂದೊಂದು ಹಲ್ಲಿನ ಮೇಲೂ ಹೆಬ್ಬೆರಳ ಉಗುರು ಎಳೆಯುತ್ತಾರೆ. ಹೆಬ್ರಾನ್ ಬಗ್ಗಿ ನೋಡುತ್ತಾರೆ. ಎಲ್ಲವೂ ಗಟ್ಟಿ. ಬೇರಿಂಗಿನ ಗುಂಡುಗಳು ಮಾತ್ರ ಹುಳ ತಿಂದ ಕಾಳಿನಂತಾಗಿವೆ. ಅದೇ ಅಳತೆಯದು ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಫಿನಿಯಾಸರ ಹನ್ನೊಂದು ಬಿಸ್ಕತ್ತಿನ ಡಬ್ಬಿಗಳ ಪೈಕಿ ಒಂಬತ್ತನೆಯದರಲ್ಲಿ, ಮುಚ್ಚಿಹೋದ ಹಿಟ್ಟಿನ ಗಿರಣಿಯಿಂದ ಬಿಚ್ಚಿ ತಂದು ಗ್ರೀಸಿನಲ್ಲಿ ಮುಳುಗಿಸಿಟ್ಟದ್ದು ಒಂದಿದೆ. ಸಂಜೆಯೊಳಗೆ ಅದನ್ನು ಕೂರಿಸಿ ಗೇರ್‌ಬಾಕ್ಸ್ ಮುಚ್ಚುತ್ತಾರೆ.

ಫಿನಿಯಾಸ್ ವಾರಕ್ಕೆ ಹತ್ತು ಹನ್ನೆರಡು ಗಾಡಿಗಳ ಸದ್ದು ಕೇಳುತ್ತಾರೆ, ಎರಡೋ ಮೂರೋ ಮಾತ್ರ ಬಿಚ್ಚುತ್ತಾರೆ. "ಬಿಚ್ಚೋದು ಯಾರಿಗೆ ಬೇಕಾದ್ರೂ ಬರುತ್ತೆ. ಬಿಚ್ಚದೆ ಬಿಡೋದು ಕಷ್ಟ," ಎನ್ನುತ್ತಾರೆ. ಅವರ ಚಪ್ಪರಕ್ಕೆ ಬೋರ್ಡಿಲ್ಲ. ಬೇಡವೇ ಎಂದರೆ, "ಬೋರ್ಡ್ ನೋಡಿ ಬರೋರ ಗಾಡಿಗೆ ಇನ್ನೂ ಅಂಥ ಕಾಯಿಲೆ ಬಂದಿರಲ್ಲ," ಎಂದು ನಗುತ್ತಾರೆ. ಏನಾದರೂ ಆಸೆಯಿದೆಯೇ ಎಂದೆ. ಕೋಲನ್ನು ಕೈಯಲ್ಲಿ ತಿರುಗಿಸಿದರು. "ನಾಕಾಥೆಂಬಿಗೆ ಹೊಸ ಕೋಲು ತಂದುಕೊಡ್ಬೇಕು. ಹಳೇದು ನನಗೇ ಬೇಕು, ಹಲ್ಲಿಗೆ ಹೊಂದಿಕೊಂಡಿದೆ."

ಶನಿವಾರ ಕೇಜಿಯ ಹಟ್ಟಿಯಲ್ಲಿ ನೂರಾರು ಜನ. ಬೈಕನ್ನು ಟ್ರಕ್ಕಿನಲ್ಲಿ ತಂದು ಗುಡ್ಡದಾಚೆ ಇಳಿಸಿದ್ದಾರೆ. ಬೇಲಿಯ ಬಳಿ ಮಾಡೂಬೆ, ಅವರ ಪಕ್ಕದಲ್ಲಿ ತುಟಿ ಬಿಗಿದ ಹೆಬ್ರಾನ್. ಹಿಂದೆ, ಇಸ್ತ್ರಿ ಮಾಡಿದ ಕೋಟಿನಲ್ಲಿ ಫಿನಿಯಾಸ್. ಈ ದೂರಕ್ಕೆ ಅವರಿಗೆ ಏನೂ ಕೇಳಿಸದು. ಅವರು ನನ್ನ ತೋಳು ಹಿಡಿದುಕೊಂಡು ನಿಂತಿದ್ದಾರೆ.

ಗುಡ್ಡದಾಚೆಯಿಂದ ಎಂಜಿನ್ನಿನ ದಪ್ಪ ಸದ್ದು ಏಳುತ್ತದೆ. ಬೇಲಿಯ ಬುಡದಲ್ಲಿ ಕೂತಿದ್ದ, ಕಣ್ಣು ಕಾಣದ ಮುದುಕಿಯೊಬ್ಬಳು ತಟ್ಟನೆ ಎದ್ದು ಕೂಗುತ್ತಾಳೆ: "ಏಯ್, ಟೈಟಸ್ ಬಂದ! ದನ ಬಿಚ್ರೋ!"

ಹೆಬ್ರಾನ್ ಟೋಪಿ ತೆಗೆದು ಮುಖ ಮುಚ್ಚಿಕೊಳ್ಳುತ್ತಾರೆ. ಮಾಡೂಬೆ ಆಗಲೇ ಗೇಟಿನತ್ತ ಓಡುತ್ತಿದ್ದಾರೆ.

ಫಿನಿಯಾಸ್ ನನ್ನ ತೋಳು ಜಗ್ಗುತ್ತಾರೆ. "ಅಲ್ಲಿ ಏರು ಇದೆ, ನೊಮ್ಸಾ ಈಗ ಮೂರನೇ ಗೇರಲ್ಲಿರ್ತಾಳೆ. ಗೇರ್‌ಬಾಕ್ಸ್ ಏನಂತೆ?"

ನಾನು ಅವರ ಬಲಗಿವಿಗೆ ಬಾಯಿಟ್ಟು ಕೂಗುತ್ತೇನೆ. "ಏನೂ ಅಂತಿಲ್ಲ ಗಾಟ್ಶೇನಿ!"

"ಹಾಂ," ಎಂದು ಅವರು ನನ್ನ ತೋಳು ಬಿಡುತ್ತಾರೆ. "ನನಗೂ ಹಾಗೇ ಕೇಳಿಸ್ತು."